ನಮ್ಮದು ಎಂಬ ಷಷ್ಠೀ ವಿಭಕ್ತಿ

ಎಂಟನೆಯ ತರಗತಿಗೆ ವಿಭಕ್ತಿ ಪ್ರತ್ಯಯಗಳ ಪಾಠ ಮಾಡುವಾಗ ನಾನು ಪಠ್ಯಪುಸ್ತಕದ ಉದಾಹರಣೆಗಳನ್ನು ನೆಚ್ಚಿಕೊಳ್ಳುವುದಿಲ್ಲ. ರಾಮನು, ರಾಮನನ್ನು, ರಾಮನಿಂದ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ, ರಾಮನಿಗೂ ಸಾಕಾಗಿರಬೇಕು. ಆದ್ದರಿಂದ ಮಕ್ಕಳನ್ನೇ ಕೇಳುತ್ತೇನೆ. ಒಮ್ಮೆ ಹೀಗೆಯೇ, "ಷಷ್ಠೀ ವಿಭಕ್ತಿಗೆ ಒಂದು ವಾಕ್ಯ ಹೇಳಿ" ಎಂದೆ. ಹಿಂದಿನ ಬೆಂಚಿನಿಂದ ತಡವಿಲ್ಲದೆ ಉತ್ತರ ಬಂತು: "ಈ ಸಲ ಕಪ್ ನಮ್ದೇ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಸರಿಯಾಗಿಯೇ ಇತ್ತು. ಆಡುಮಾತಿನ 'ನಮ್ದೇ'ಯನ್ನು ಬೋರ್ಡಿನ ಮೇಲೆ 'ನಮ್ಮದೇ' ಎಂದು ತಿದ್ದಿ ಬರೆದು, 'ನಮ್ಮ' ಎಂಬುದು ಷಷ್ಠಿ, ಕೊನೆಯ 'ಏ' ಎಂಬುದು ಅವಧಾರಣೆ, ಅಂದರೆ ಬೇರೆ ಯಾರದೂ ಅಲ್ಲ ಎಂದು ಒತ್ತಿ ಹೇಳುವುದು ಎಂದು ವಿವರಿಸಿದೆ. ಆಮೇಲೆ ಸುಮ್ಮನಿರಲಾರದೆ ಕೇಳಿದೆ: "ನಮ್ಮದು ಅಂದ್ರೆ ಯಾರದು?"

"ಆರ್‌ಸಿಬಿದು, ಮೇಡಂ."

"ಆರ್‌ಸಿಬಿ ಯಾರದು?"

ಹುಡುಗ ತಲೆ ಕೆರೆದುಕೊಂಡ. ಪಕ್ಕದವನು "ಕೊಹ್ಲಿದು" ಎಂದ. ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಬೆಂಗಳೂರಿಂದು" ಎಂದಳು. ಇನ್ನೊಬ್ಬ, ಈಗ ತಾನೇ ಕಲಿತ ಅವಧಾರಣೆಯನ್ನು ಬಳಸಿ, "ನಮ್ಮದೇ ಮೇಡಂ" ಎಂದ. ಷಷ್ಠೀ ವಿಭಕ್ತಿಯಲ್ಲಿ ಎಲ್ಲರೂ ಪಾಸು. ಆದರೆ ಒಡೆತನದ ಕಾಗದ ಪತ್ರದಲ್ಲಿ ಏನಿದೆಯೋ ಆ ಉತ್ತರ ಮಾತ್ರ ಒಬ್ಬರಿಂದಲೂ ಬರಲಿಲ್ಲ. ನಾನೂ ಆ ದಿನ ಹೇಳಲಿಲ್ಲ. ಗಂಟೆ ಹೊಡೆಯಿತು. ಅಂದಿನಿಂದ ಈ 'ನಮ್ಮದು' ಎಂಬ ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಈ ವಿಷಯದಲ್ಲಿ ಹೊರಗಿನವಳಲ್ಲ. ಮೇಷ್ಟರುಗಳು ಕ್ರಿಕೆಟ್ಟನ್ನು ಬೈಯುವುದು ವಾಡಿಕೆ, ಅದು ಮಕ್ಕಳ ಓದು ಕೆಡಿಸುತ್ತದೆ ಎಂದು. ನನ್ನದು ಆ ಜಾತಿಯ ದೂರಲ್ಲ. ಮಾರ್ಚ್ ತಿಂಗಳ ಉತ್ತರ ಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು, ಕೊನೆಯ ಓವರಿನಲ್ಲಿ ಉಸಿರು ಬಿಗಿಹಿಡಿದವಳು ನಾನು. ಯಾವನೋ ಒಬ್ಬ ಕ್ಯಾಚು ಬಿಟ್ಟ ಸಿಟ್ಟಿಗೆ ಯಾವುದೋ ಮಗುವಿನ ಅರ್ಧ ಅಂಕ ಹೋಗಿದ್ದರೆ ದೇವರು ಕ್ಷಮಿಸಲಿ.

ಈ ಹುಚ್ಚು ಬಂದದ್ದು ಅಪ್ಪನಿಂದ. 1974ರಲ್ಲಿ ನಾನಿನ್ನೂ ಶಾಲೆಗೆ ಸೇರದ ಕೂಸು. ಆದರೂ ಆ ವರ್ಷದ ರಣಜಿ ಪಂದ್ಯವನ್ನು ಅಪ್ಪ ಎಷ್ಟು ಸಲ ವರ್ಣಿಸಿದ್ದರೆಂದರೆ ನಾನೇ ನೋಡಿದ ಹಾಗೆ ಆಗಿಬಿಟ್ಟಿದೆ. ಮುಂಬೈ ತಂಡ ಸತತವಾಗಿ 15 ವರ್ಷ ರಣಜಿ ಟ್ರೋಫಿ ಗೆದ್ದು ಕುಳಿತಿತ್ತು. ಪ್ರಸನ್ನ ಅವರ ನಾಯಕತ್ವದ ನಮ್ಮ ತಂಡ ಬೆಂಗಳೂರಿನ ಸೆಮಿಫೈನಲಿನಲ್ಲಿ ಅದನ್ನು ಹಿಂದೆ ಹಾಕಿತು, ಆಮೇಲೆ ಫೈನಲನ್ನೂ ಗೆದ್ದಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ತಂಡ ಕರ್ನಾಟಕವಾದ ಋತುವಿನಲ್ಲೇ ಮೊದಲ ಸಲ ಟ್ರೋಫಿ ತಂದಿತು. ಹೆಸರಿಗೆ ಕೈಗುಣ ಇದೆ ಎಂದು ಅಪ್ಪ ಹೇಳುತ್ತಿದ್ದರು. ಅದರಲ್ಲೂ ಜಿ. ಆರ್. ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದವರು. ಹೊನ್ನಾಳಿ ಆಗ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆಗೆ ಸೇರಿದ್ದು 1997ರಲ್ಲಿ. "ನಮ್ಮ ಜಿಲ್ಲೆಯ ಹುಡುಗ" ಎಂದು ಅಪ್ಪ ಹೇಳುವಾಗ ಆ ಮಾತಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ 'ನಮ್ಮ' ಎಂಬುದು ಎಲ್ಲಿಂದ ಬಂತು? ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು, ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕಿನಲ್ಲಿ. ಅವರಿಗೆ ಸಂಬಳ ಕೊಡುವವರು ಇದ್ದರು. ಆದರೆ ತಂಡಕ್ಕೆ ಮಾಲೀಕರಿರಲಿಲ್ಲ. ಆ ಊರಿನಲ್ಲಿ ಹುಟ್ಟಿದರು, ಈ ನೆಲದಲ್ಲಿ ಆಡಿ ಬೆಳೆದರು, ಆದ್ದರಿಂದ ನಮ್ಮವರು. ಲೆಕ್ಕ ಅಷ್ಟೇ.

ಆದರೆ ಹಳೆಯದೆಲ್ಲ ಚಿನ್ನ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆ ಚಿನ್ನದಲ್ಲಿ ತಾಮ್ರ ಬೇಕಾದಷ್ಟಿತ್ತು. ಭಾರತ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲೇ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಆ ಹೆಣ್ಣುಮಕ್ಕಳು ರಿಸರ್ವೇಷನ್ ಇಲ್ಲದ ರೈಲು ಬೋಗಿಗಳಲ್ಲಿ ಓಡಾಡಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದವರು. ಅವರ ಕ್ರಿಕೆಟ್ಟನ್ನು ಭಾರತೀಯ ಕ್ರಿಕೆಟ್ ಮಂಡಳಿ ತನ್ನ ಸೂರಿನಡಿಗೆ ತೆಗೆದುಕೊಂಡದ್ದು 2006ರಲ್ಲಿ. ಗಂಡಸರಿಗೆ ಕೊಡುವಷ್ಟೇ ಪಂದ್ಯದ ಸಂಭಾವನೆ ಹೆಂಗಸರಿಗೂ ಎಂದು ಅದು ಪ್ರಕಟಿಸಿದ್ದು 2022ರಲ್ಲಿ. ಆಟಕ್ಕೆ ದುಡ್ಡು ಬಂದದ್ದರಿಂದ ಕೆಟ್ಟಿತು ಎಂದು ಯಾರಾದರೂ ಹೇಳಿದರೆ, ಸಂಬಳ ಪಡೆದು ಬದುಕುವ ಹೆಂಗಸಾಗಿ ನಾನು ಒಪ್ಪುವುದಿಲ್ಲ. ದುಡಿದವರಿಗೆ ದುಡ್ಡು ಬರಬೇಕು. ನನ್ನ ತಕರಾರು ದುಡ್ಡಿನ ಮೇಲಲ್ಲ, ದುಡ್ಡು ಬಂದ ದಾರಿಯಲ್ಲಿ 'ನಮ್ಮದು' ಎಂಬ ಮಾತಿಗೆ ಏನಾಯಿತು ಎಂಬುದರ ಮೇಲೆ.

2008ರ ಜನವರಿಯಲ್ಲಿ ಎಂಟು ಊರುಗಳ ತಂಡಗಳನ್ನು ಹರಾಜಿಗಿಟ್ಟರು. ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯ ಅವರ ಯುಬಿ ಸಮೂಹ 11 ಕೋಟಿ 16 ಲಕ್ಷ ಡಾಲರಿಗೆ ಕೂಗಿ ಪಡೆಯಿತು. ಗಮನಿಸಿ, ಆಗ ತಂಡವೇ ಇರಲಿಲ್ಲ. ಆಟಗಾರರ ಹರಾಜು ನಡೆದದ್ದು ಫೆಬ್ರವರಿಯಲ್ಲಿ. ಹಾಗಾದರೆ ಅಷ್ಟು ಹಣ ಕೊಟ್ಟು ಕೊಂಡದ್ದೇನು? ಬ್ಯಾಟಲ್ಲ, ಚೆಂಡಲ್ಲ, ಮೈದಾನವೂ ಅಲ್ಲ. ಬೆಂಗಳೂರು ಎಂಬ ಹೆಸರನ್ನೂ, ಆ ಹೆಸರು ಕೇಳಿದರೆ ಹೊನ್ನಾಳಿಯಂಥ ಊರಿನಲ್ಲಿ ಕೂತ ನನ್ನಂಥವಳ ಎದೆಯಲ್ಲಿ ಏಳುವ ಒಂದು ಅಭಿಮಾನವನ್ನೂ ಕೊಂಡರು. ಅಪ್ಪ ರೇಡಿಯೋ ಮುಂದೆ ಕೂತು ಮೂವತ್ತು ವರ್ಷ ಕೂಡಿಟ್ಟದ್ದು ಅದು. ಮಾರುವವರು ಅಪ್ಪನನ್ನು ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ.

ಹೆಸರಿನ ಕೈಗುಣದ ಮಾತು ಬಂತಲ್ಲ, ಈ ತಂಡದ ಹೆಸರು ನೋಡಿ. 'ರಾಯಲ್ ಚಾಲೆಂಜ್' ಎಂಬುದು ಆಗ ಅದೇ ಸಮೂಹದ ವಿಸ್ಕಿಯಾಗಿತ್ತು. ಅದರ ಬಾಲಕ್ಕೆ ಎರಡಕ್ಷರ ಸೇರಿಸಿ ತಂಡದ ಹೆಸರು ಮಾಡಿದರು. ನನ್ನ ವಿದ್ಯಾರ್ಥಿಗಳು ನೋಟ್‌ಬುಕ್ಕಿನ ರಟ್ಟಿನ ಮೇಲೆ, ಜಾಮಿಟ್ರಿ ಬಾಕ್ಸಿನ ಮೇಲೆ, ಡೆಸ್ಕಿನ ಮೇಲೆ ಕೈವಾರದ ಮೊನೆಯಿಂದ ಕೊರೆಯುವುದು ಅದೇ ಹೆಸರನ್ನು. ಕುಡಿತದಿಂದ ಮನೆ ಹಾಳಾದ ಮಕ್ಕಳು ನನ್ನ ತರಗತಿಯಲ್ಲಿ ಇದ್ದಾರೆ. ಅಂಥ ಒಬ್ಬ ಹುಡುಗನ ಡೆಸ್ಕಿನ ಮೇಲೆ ಆ ಮೂರಕ್ಷರ ನೋಡಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಅವನಿಗೆ ಬೈಯಲು ಹೋದವಳು ಬೈಯದೆ ಬಂದೆ. ಏನೆಂದು ಬೈಯಲಿ, ಅದೇ ತಂಡ ಗೆಲ್ಲಲೆಂದು ನಾನೂ ದೇವರಿಗೆ ಕೈಮುಗಿದವಳು ತಾನೇ?

ಇನ್ನೊಂದು ಸಂಗತಿ. ನಗರದ ಹೆಸರು ಅಧಿಕೃತವಾಗಿ 'ಬೆಂಗಳೂರು' ಆದದ್ದು 2014ರ ನವೆಂಬರ್ 1ರಂದು. ತಂಡದ ಹೆಸರಿನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂದದ್ದು 2024ರ ಮಾರ್ಚಿನಲ್ಲಿ. ನಡುವೆ ಸುಮಾರು ಹತ್ತು ವರ್ಷ. ಊರು ತನ್ನ ಹೆಸರು ಬದಲಿಸಿಕೊಂಡರೂ ಆ ಹೆಸರು ಹೊತ್ತ ತಂಡ ತನಗೆ ಅನುಕೂಲವಾದಾಗಷ್ಟೇ ಬದಲಾಯಿಸಿಕೊಂಡಿತು.

ತಂಡದ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಮೊದಲ ಪಂದ್ಯದಲ್ಲೇ ಕೋಲ್ಕತ್ತದ ಪರ ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರು 82ಕ್ಕೆ ಮುಗಿದರು. ಆ ವರ್ಷ ಎಂಟರಲ್ಲಿ ಏಳನೆಯ ಸ್ಥಾನ. ನಾಯಕರಾಗಿದ್ದವರು ದ್ರಾವಿಡ್. ಹತ್ತಾರು ವರ್ಷ ಕರ್ನಾಟಕಕ್ಕೂ ದೇಶಕ್ಕೂ ಗೋಡೆಯಂತೆ ನಿಂತ ಮನುಷ್ಯನ ತಂಡದ ಬಗ್ಗೆ, ಅದನ್ನು ಕೊಂಡು ಕೆಲವೇ ತಿಂಗಳಾಗಿದ್ದ ಮಾಲೀಕರು ಪತ್ರಿಕೆಗಳ ಎದುರು ಅಸಮಾಧಾನ ತೋಡಿಕೊಂಡದ್ದನ್ನು ಓದಿ ನನಗೆ ಮೈ ಉರಿದಿತ್ತು. ಮೂರು ವರ್ಷ ಕಳೆದು 2011ರ ಹರಾಜಿನಲ್ಲಿ ದ್ರಾವಿಡ್ ರಾಜಸ್ಥಾನದ ಪಾಲಾದರು. ನಮ್ಮ ಮನೆಯಲ್ಲಿ ಆ ವರ್ಷ ಎರಡು ತಂಡಗಳಾದವು. ನಾನು ಬೆಂಗಳೂರಿನ ಕಡೆ, ನನ್ನ ಮನಸ್ಸು ದ್ರಾವಿಡರ ಕಡೆ.

ನಮ್ಮ ದಾವಣಗೆರೆಯ ವಿನಯ್ ಕುಮಾರ್ ಅವರದು ಇನ್ನೂ ವಿಚಿತ್ರ. ಆಟೋ ಓಡಿಸುವವರ ಮಗ, ಸ್ವಂತ ಬೆವರಿನಿಂದ ಮೇಲೆ ಬಂದವರು. ಅವರು 2011ರಲ್ಲಿ ಕೊಚ್ಚಿ ತಂಡಕ್ಕೆ ಹೋದರು. ಒಂದೇ ವರ್ಷ ಆಡಿ ಆ ತಂಡವೇ ಇಲ್ಲವಾಯಿತು. ಅಲ್ಲಿನ ಜನ 'ನಮ್ಮದು' ಎನ್ನಲು ಬಾಯಿ ತೆರೆದಿದ್ದರಷ್ಟೇ, ಅಂಗಡಿ ಮುಚ್ಚಿತ್ತು. ವಿನಯ್ ಕುಮಾರ್ ಮರುವರ್ಷ ಬೆಂಗಳೂರಿಗೆ, ಆಮೇಲೆ ಕೋಲ್ಕತ್ತಕ್ಕೆ, ಆಮೇಲೆ ಮುಂಬೈಗೆ. ಇದೇ ವಿನಯ್ ಕುಮಾರ್ ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದರು. ನಮ್ಮ ಜಿಲ್ಲೆಯ ಹುಡುಗ, ನಮ್ಮ ರಾಜ್ಯದ ಹೆಸರು, ಯಾರ ವಿಸ್ಕಿಯೂ ಇಲ್ಲ. ನಮ್ಮ ಬೀದಿಯಲ್ಲಿ ಒಂದು ಪಟಾಕಿ ಹೊಡೆದದ್ದು ನನಗೆ ನೆನಪಿಲ್ಲ. ನಾನೂ ಹೊಡೆಯಲಿಲ್ಲ. ತಪ್ಪು ಮಾಲೀಕರದು ಮಾತ್ರ ಎಂದು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ತೆರೆದಿದ್ದ ಬಾಗಿಲ ಮುಂದೆ ಹಾದುಹೋಗಿ, ಟಿಕೆಟ್ ಕೇಳುವ ಬಾಗಿಲ ಮುಂದೆ ಕ್ಯೂ ನಿಂತವರು ನಾವು.

ಈ ಹರಾಜಿನ ಗಾಳಿ ಎಲ್ಲಿಯವರೆಗೆ ಬಂದಿದೆ ಎಂದರೆ, ಈಗ ಹಳ್ಳಿ ಹಳ್ಳಿಗೂ ಒಂದೊಂದು ಪ್ರೀಮಿಯರ್ ಲೀಗ್. ಟೆನಿಸ್ ಬಾಲ್ ಪಂದ್ಯ, ಎರಡು ದಿನದ ಶಾಮಿಯಾನ, ಮೈಕು. ಅಡಿಕೆ ಮಂಡಿಯವರೋ, ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಇರುವವರೋ ತಂಡದ 'ಓನರ್'. ಊರ ಹುಡುಗರನ್ನು ಪಾಯಿಂಟು ಲೆಕ್ಕದಲ್ಲಿ ಕೂಗುತ್ತಾರೆ. ಅಣ್ಣ ಒಂದು ತಂಡ, ತಮ್ಮ ಇನ್ನೊಂದು. ಇದರಲ್ಲಿ ಸಂತೋಷ ಇಲ್ಲವೆಂದಲ್ಲ. ಆದರೆ ಮೊದಲು ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಆಡುತ್ತಿದ್ದಾಗ, ಕೇರಿಯಲ್ಲಿ ಹುಟ್ಟಿದವನಿಗೆ ತಂಡದಲ್ಲಿ ಜಾಗ ಇದ್ದೇ ಇರುತ್ತಿತ್ತು, ಕೊನೆಗೆ ಬೌಂಡರಿ ಗೆರೆಯ ಹತ್ತಿರ ಚೆಂಡು ಹೆಕ್ಕಲಿಕ್ಕಾದರೂ.

ಒಂದು ದಿನ ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ವರಾಂಡದಲ್ಲಿ ಗಲಾಟೆ ಕೇಳಿ ಹೋದೆ. ಏಳನೆಯ ತರಗತಿಯ ಹುಡುಗರು ಹರಾಜು ನಡೆಸುತ್ತಿದ್ದರು. ಒಬ್ಬ ಡಸ್ಟರನ್ನು ಸುತ್ತಿಗೆ ಮಾಡಿಕೊಂಡು ಬೆಂಚಿಗೆ ಕುಟ್ಟುತ್ತಿದ್ದ. ಅಂಗಡಿ ಇಟ್ಟವರ ಮಗ ಒಂದು ಕಡೆ ಓನರು, ಟ್ರ್ಯಾಕ್ಟರ್ ಇದ್ದವರ ಮಗ ಇನ್ನೊಂದು ಕಡೆ. ಕೋಟಿಗಳಲ್ಲಿ ಕೂಗು ನಡೆದಿತ್ತು. ಎಲ್ಲ ಮುಗಿದ ಮೇಲೆ ಕಂಬಕ್ಕೆ ಒರಗಿ ಒಬ್ಬ ಹುಡುಗ ನಿಂತೇ ಇದ್ದ. ಬಡ ಶರೀರ, ಒಂದು ಕಾಲು ಸ್ವಲ್ಪ ಎಳೆಯುತ್ತಾನೆ. "ಇವನು ಯಾವ ಟೀಮೋ?" ಎಂದೆ. ಡಸ್ಟರ್ ಹಿಡಿದವನು, ಯಾವ ದುರುದ್ದೇಶವೂ ಇಲ್ಲದೆ, ರೇಷನ್ ಕಾರ್ಡಿನ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದ: "ಅವನು ಅನ್‌ಸೋಲ್ಡ್, ಮೇಡಂ."

ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದ್ದೇನೆ. ಮಕ್ಕಳು ಒಬ್ಬರನ್ನೊಬ್ಬರು ಕುಂಟ ಎಂದಿದ್ದು, ಕರಿಯ ಎಂದಿದ್ದು ಕೇಳಿದ್ದೇನೆ, ಬೈದು ತಿದ್ದಿದ್ದೇನೆ. ಈ ಮಾತಿಗೆ ಬೈಗುಳದ ರೂಪವೇ ಇರಲಿಲ್ಲ, ಅದು ಬರೀ ಮಾರುಕಟ್ಟೆಯ ವರದಿ. ಆ ಹುಡುಗ ಕೂಡ ನಕ್ಕ. ಆ ನಗು ನನಗೆ ಇನ್ನೂ ಮರೆತಿಲ್ಲ.

ಈ ಎಲ್ಲ ಮಾತನ್ನು ನನ್ನ ತಂಗಿಯ ಮಗನ ಹತ್ತಿರ ಹೇಳಿಕೊಂಡೆ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಹುಚ್ಚು ಹೆಚ್ಚು. ನಡುರಾತ್ರಿ ಎದ್ದು ಇಂಗ್ಲೆಂಡಿನ ಪಂದ್ಯ ನೋಡುತ್ತಾನೆ. "ದೊಡ್ಡಮ್ಮ, ನೀವು ಈಗ ಅಳ್ತಿದೀರಿ, ಅಲ್ಲಿಯವರು ಎಷ್ಟೋ ವರ್ಷದಿಂದ ಅಳ್ತಿದಾರೆ" ಎಂದು ನಕ್ಕು, ಒಂದೊಂದಾಗಿ ಹೇಳಿದ. ಆಮೇಲೆ ನಾನೂ ಓದಿ ತಿಳಿದುಕೊಂಡೆ.

ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ನೂರು ವರ್ಷ ದಾಟಿದ ಕ್ಲಬ್ಬನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಕೊಂಡಿತು. ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಸು ಕೊಂಡ ಸಾಲವನ್ನು ಹಸುವೇ ಹಾಲು ಕೊಟ್ಟು ತೀರಿಸಬೇಕು. ಸಿಟ್ಟಾದ ಕೆಲವು ಅಭಿಮಾನಿಗಳು ಅದೇ ವರ್ಷ ತಮ್ಮದೇ ಒಂದು ಪುಟ್ಟ ಕ್ಲಬ್ ಕಟ್ಟಿಕೊಂಡರು. ಲಂಡನ್ನಿನ ವಿಂಬಲ್ಡನ್ ಎಂಬಲ್ಲಿನ ಫುಟ್‌ಬಾಲ್ ಕ್ಲಬ್ಬನ್ನು 2003ರಲ್ಲಿ ಮಾಲೀಕರು ಎತ್ತಿಕೊಂಡು ಹೋಗಿ ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿನಲ್ಲಿಟ್ಟರು. ಊರ ಜನ ಅದಕ್ಕೂ ಮೊದಲೇ, 2002ರಲ್ಲಿ, ತಳಮಟ್ಟದಿಂದ ಹೊಸ ಕ್ಲಬ್ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತಂದರು. 2021ರ ಏಪ್ರಿಲಿನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮಷ್ಟಕ್ಕೆ ಒಂದು 'ಸೂಪರ್ ಲೀಗ್' ಮಾಡಿಕೊಳ್ಳುತ್ತೇವೆ ಎಂದಾಗ ಅಭಿಮಾನಿಗಳು ಬೀದಿಗಿಳಿದರು. ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನಕ್ಕೆ ಹಿಂದೆ ಸರಿದವು. ಜರ್ಮನಿಯಲ್ಲಿ ಇನ್ನೊಂದು ಕ್ರಮ. ಅಲ್ಲಿ ಒಂದೆರಡು ವಿನಾಯಿತಿ ಬಿಟ್ಟರೆ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕು, ಬಂಡವಾಳ ಹಾಕುವವನು ಎಷ್ಟೇ ದೊಡ್ಡವನಿರಲಿ.

ನಮ್ಮಲ್ಲೂ ಫುಟ್‌ಬಾಲ್ ಉಂಟು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳ ತಂಡಗಳು ಆಡುತ್ತಿದ್ದ ಕಾಲವಿತ್ತು. ಆಟಗಾರನಿಗೆ ನೌಕರಿ, ನೋಡುವವನೂ ಎಷ್ಟೋ ಸಲ ಅದೇ ಕಾರ್ಖಾನೆಯ ಕಾರ್ಮಿಕ. 2013ರಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಚೆನ್ನಾಗಿಯೇ ಕಟ್ಟಿತು ಎನ್ನಬೇಕು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ನಿಂತು ಹಾಡುವವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಆದರೆ 2025ರಲ್ಲಿ, ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ವಾಣಿಜ್ಯ ಕಂಪನಿಗೂ ಇದ್ದ ಕರಾರು ನವೀಕರಣವಾಗದೆ, ಲೀಗ್ ಪ್ರತಿವರ್ಷದ ಸಮಯಕ್ಕೆ ಶುರುವಾಗಲೇ ಇಲ್ಲ. ಹಾಡುವವರು ಇದ್ದರು, ಆಡುವವರು ಇದ್ದರು, ಮೈದಾನದ ಹುಲ್ಲೂ ಇತ್ತು. ಒಂದು ಸಹಿ ಇರಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನಗೆ ವಿಷಯ ಸ್ವಲ್ಪ ಬಿಡಿಸಿಕೊಂಡಂತಾಯಿತು. ಹೊರಗಿನವರು ಬಂದು ಆಡುವುದರಲ್ಲಿ ತಪ್ಪಿಲ್ಲ. 2025ರ ಫೈನಲಿನಲ್ಲಿ ಬೆಂಗಳೂರಿನ ಪರ ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಕರ್ನಾಟಕದವರು ಮಯಂಕ್ ಅಗರ್ವಾಲ್ ಒಬ್ಬರೇ. ಅದಕ್ಕೆ ನನಗೆ ಬೇಸರವಿಲ್ಲ. ಕೊಹ್ಲಿ ದೆಹಲಿಯವರು, ಆದರೆ 2008ರಿಂದ ಬೇರೆ ತಂಡಕ್ಕೆ ಹೋಗದೆ ಇಲ್ಲೇ ನಿಂತವರು. ಬೇರೆ ಊರಿನಿಂದ ಬಂದ ಸೊಸೆ ಹದಿನೇಳು ವರ್ಷ ಬಾಳ್ವೆ ಮಾಡಿದ ಮೇಲೆ ಅವಳನ್ನು ಹೊರಗಿನವಳು ಎನ್ನುವ ಅತ್ತೆಗೆ ಊರು ಉಗಿಯುತ್ತದೆ. ಬಾಳ್ವೆ ಮಾಡಿದವರು ನಮ್ಮವರಾಗುತ್ತಾರೆ. ನನ್ನ ಪ್ರಶ್ನೆ ಆಡುವವರದಲ್ಲ. ನೋಡುವವರು ಬಿಟ್ಟಿಯಾಗಿ ಕೊಡುವ ಈ 'ನಮ್ಮ'ತನವನ್ನು ಇನ್ನೊಬ್ಬರು ತೂಕ ಹಾಕಿ ಮಾರುತ್ತಾರಲ್ಲ, ಅದು. 2023ರಿಂದ 2027ರವರೆಗಿನ ಐದು ವರ್ಷದ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಒಂದು ಪಂದ್ಯಕ್ಕೆ ಸುಮಾರು 118 ಕೋಟಿ. ಆ ಹಣ ಬಂದದ್ದು ಬ್ಯಾಟಿನಿಂದ ಮಾತ್ರವಲ್ಲ. ನಾನು ಉತ್ತರ ಪತ್ರಿಕೆ ಬದಿಗಿಟ್ಟು ಟಿವಿ ನೋಡುತ್ತೇನೆ ಎಂಬ ಭರವಸೆಯಿಂದಲೂ ಬಂತು. ಮಾರಿದವರು ಆಟ ಮಾರಿದರು, ಜೊತೆಗೆ ನನ್ನನ್ನೂ ಮಾರಿದರು.

ಕೊಂಡವರಾದರೂ ನಿಂತರೇ? 2012ರಲ್ಲಿ ಲಂಡನ್ನಿನ ಡಿಯಾಜಿಯೊ ಕಂಪನಿಯ ಜೊತೆ ಮಾತುಕತೆ ಕುದುರಿತು. ಎರಡು ವರ್ಷದಲ್ಲಿ ತಂಡವನ್ನು ಹೊಂದಿದ್ದ ಮದ್ಯದ ಕಂಪನಿ ಅದರ ಹಿಡಿತಕ್ಕೆ ಹೋಯಿತು. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು. ನಮ್ಮ ತಂಡ ಹೀಗೆ ಇಂಗ್ಲೆಂಡಿನವರ ಪುಸ್ತಕದಲ್ಲಿ ಒಂದು ಸಾಲಾಯಿತು. ನಮಗೆ ಅದರ ಗೊಡವೆಯೇ ಇರಲಿಲ್ಲ, ನಾವು 'ಈ ಸಲ' ಎನ್ನುತ್ತಲೇ ಇದ್ದೆವು. 2009, 2011, 2016, ಮೂರು ಫೈನಲುಗಳಲ್ಲಿ ಸೋತರೂ ಎನ್ನುತ್ತಲೇ ಇದ್ದೆವು. ಕಪ್ಪು ಮೊದಲು ತಂದವರು ಹೆಣ್ಣುಮಕ್ಕಳು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 2024ರ ಮಾರ್ಚ್ 17ರಂದು ಸ್ಮೃತಿ ಮಂದಾನ ನಾಯಕತ್ವದ ತಂಡ ದೆಹಲಿಯನ್ನು ಸೋಲಿಸಿದಾಗ, ನಮ್ಮ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತಳು. ಮರುದಿನ ನನ್ನ ತರಗತಿಯ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಆ ಒಂದು ಬೆಳಗಿಗಾಗಿ ನಾನು ಈ ಹಣದ ಆಟಕ್ಕೆ ಋಣಿ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಗಂಡಸರ ತಂಡವೂ ಗೆದ್ದಿತು. ಹದಿನೆಂಟನೆಯ ವರ್ಷ. ಹೊನ್ನಾಳಿಯಲ್ಲಿ ನಡುರಾತ್ರಿಯವರೆಗೆ ಪಟಾಕಿ. ನಾನು ಕಣ್ಣೊರೆಸಿಕೊಂಡು ಅಪ್ಪನ ಫೋಟೋ ಕಡೆ ನೋಡಿದೆ. ನನ್ನ ಬಾಯಿಂದಲೂ ಬಂತು, ವ್ಯಾಕರಣ ಬಿಟ್ಟು: "ನಮ್ದೇ."

ಮರುದಿನ, ಜೂನ್ 4. ಬೆಳಿಗ್ಗೆ ತಂಡದ ಕಡೆಯಿಂದ ವಿಜಯಯಾತ್ರೆಯ ಆಹ್ವಾನ ಹೊರಟಿತು. ಚಿನ್ನಸ್ವಾಮಿ ಕ್ರೀಡಾಂಗಣ ಹಿಡಿಸುವುದು ಸುಮಾರು 35 ಸಾವಿರ ಜನರನ್ನು. ಬಂದವರು ಲಕ್ಷಗಟ್ಟಲೆ. ಐಪಿಎಲ್ ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಡಲಾಗದೆ ಒಮ್ಮೆಯೂ ಒಳಗೆ ಕಾಲಿಡದವರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಅವತ್ತು ಉಚಿತ ಎಂದು ಕೇಳಿ ಬಂದಿರಬೇಕು. ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆಯರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ತಂಗಿಯ ಮಗನೂ ಆಫೀಸಿನಿಂದ ಅತ್ತ ಹೊರಟಿದ್ದ. ಎರಡು ಗಂಟೆ ಅವನ ಫೋನ್ ಸಿಗಲಿಲ್ಲ. ತಂಗಿ ಫೋನಿನಲ್ಲಿ ಮಾತಾಡುತ್ತಲೇ ಇರಲಿಲ್ಲ, ಬರೀ ಉಸಿರು ಕೇಳುತ್ತಿತ್ತು. ಅವನು ಮೆಟ್ರೋದ ಜನಸಂದಣಿ ನೋಡಿ ಅರ್ಧ ದಾರಿಯಲ್ಲೇ ವಾಪಸಾಗಿದ್ದ. ನಮ್ಮ ಪುಣ್ಯ. ಹನ್ನೊಂದು ಮನೆಗಳಲ್ಲಿ ಫೋನ್ ಸಿಗಲೇ ಇಲ್ಲ.

ಅಂದು ಸಂಜೆಯಿಂದ ಇನ್ನೊಂದು ಷಷ್ಠೀ ವಿಭಕ್ತಿ ಶುರುವಾಯಿತು. ಹೊಣೆ ಯಾರದು? ಸರ್ಕಾರ, ಪೊಲೀಸರು, ಕ್ರಿಕೆಟ್ ಸಂಸ್ಥೆ, ತಂಡದ ಕಂಪನಿ, ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ವಿಚಾರಣಾ ಆಯೋಗ ನೇಮಕವಾಯಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತಂಡದವರು ಮೊದಲು ತಲಾ 10 ಲಕ್ಷ, ಆಮೇಲೆ 25 ಲಕ್ಷ ರೂಪಾಯಿ ಪ್ರಕಟಿಸಿದರು. ಯಾರು ಎಷ್ಟು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಹಿಂದಿನ ರಾತ್ರಿ 'ನಮ್ದೇ' ಎಂದವರು ಇಷ್ಟೊಂದು ಜನ ಇದ್ದರಲ್ಲ, ಮರುದಿನ 'ನಮ್ಮದು' ಎನ್ನುವವರು ಒಬ್ಬರೂ ಸಿಗಲಿಲ್ಲ.

ನಮ್ಮ ಕಡೆಯ ಯಾವ ಊರಿನ ತೇರನ್ನಾದರೂ ನೋಡಿ. ತೇರು ಯಾರದು ಎಂದರೆ ಎಲ್ಲರೂ ನಮ್ಮೂರದು ಎನ್ನುತ್ತಾರೆ. ಅದಕ್ಕೂ ಜನ ಸೇರುತ್ತಾರೆ, ನೂಕುನುಗ್ಗಲು ಆಗುತ್ತದೆ, ಬಾಳೆಹಣ್ಣು ಎಸೆಯುತ್ತಾರೆ. ಆದರೆ ಹಗ್ಗ ಎಳೆಯುವವರು ನೂರು ಜನ ಇದ್ದರೆ, ಗಾಲಿಯ ಪಕ್ಕ ಮರದ ತುಂಡು ಹಿಡಿದು ಬಗ್ಗಿ ನಡೆಯುವವರು ನಾಲ್ಕು ಜನ ಇರುತ್ತಾರೆ. ಅವರು ದೇವರ ಮುಖ ನೋಡುವುದಿಲ್ಲ, ಗಾಲಿಯನ್ನೂ ಅದರ ಮುಂದಿನ ಕಾಲುಗಳನ್ನೂ ನೋಡುತ್ತಾರೆ. ಆ ಕೆಲಸ ಇಂಥ ಮನೆತನದ್ದು ಎಂದು ಊರಿಗೆಲ್ಲ ಗೊತ್ತು. ಅವಘಡವಾದರೆ ಯಾರನ್ನು ಕೇಳಬೇಕೆಂದೂ ಗೊತ್ತು. ತೇರಿನಲ್ಲೂ ಜನ ಸತ್ತಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ 'ನಮ್ಮದು' ಎಂಬುದಕ್ಕೆ ಒಂದು ಗಾಲಿಯ ಬದಿಯ ಕೆಲಸ ಅಂಟಿಕೊಂಡಿದೆ. ಈ ಹೊಸ ತೇರಿಗೆ ಹಗ್ಗ ಎಳೆಯಲು ನಮ್ಮನ್ನು ಕರೆದರು. ಕಾಣಿಕೆ ಹುಂಡಿಯ ಬೀಗ ಅವರ ಹತ್ತಿರ ಇತ್ತು. ಗಾಲಿಯ ಹತ್ತಿರ ಯಾರೂ ಇರಲಿಲ್ಲ.

ಅದೇ 2025ರ ನವೆಂಬರಿನಲ್ಲಿ, ಹನ್ನೊಂದು ಮನೆಗಳಲ್ಲಿ ವರ್ಷಾಬ್ದಿಕವೂ ಆಗಿರಲಿಲ್ಲ, ತಂಡದಲ್ಲಿ ತಮಗಿರುವ ಬಂಡವಾಳವನ್ನು ಮರುಪರಿಶೀಲಿಸುತ್ತಿದ್ದೇವೆ, ಮಾರ್ಚ್ ಅಂತ್ಯದೊಳಗೆ ಮುಗಿಸುತ್ತೇವೆ ಎಂದು ಕಂಪನಿ ಷೇರುಪೇಟೆಗೆ ತಿಳಿಸಿತು. ಅಂದರೆ ಮಾರುವ ಯೋಚನೆ. ಕಪ್ಪು ಗೆದ್ದ ತಂಡಕ್ಕೆ ಬೆಲೆ ಹೆಚ್ಚು, ವ್ಯಾಪಾರದಲ್ಲಿ ಅದು ನ್ಯಾಯವೇ. ಆದರೆ ಆ ಬೆಲೆಪಟ್ಟಿಯಲ್ಲಿ ಹದಿನೇಳು ವರ್ಷ ಸೋತರೂ ಬಿಡದ ಜನ ಎಂಬುದು ಆಸ್ತಿಯ ಕಾಲಂನಲ್ಲಿದೆ, ಹೊಣೆಯ ಕಾಲಂನಲ್ಲಿಲ್ಲ. ಜರ್ಮನಿಯ ನಿಯಮ ನಮ್ಮಲ್ಲಿ ನಾಳೆಯೇ ಬರಲಿ ಎಂದು ಹಗಲುಗನಸು ಕಾಣುವಷ್ಟು ಮುಗ್ಧೆ ನಾನಲ್ಲ. ತಂಡದ ಆಡಳಿತದಲ್ಲಿ ಅಭಿಮಾನಿಗಳ ಪರವಾಗಿ ಒಂದು ಕುರ್ಚಿ, ಜನ ಸೇರುವ ದಿನ ಗೇಟಿನ ಹತ್ತಿರ ಉತ್ತರ ಕೊಡುವ ಒಂದು ಹೆಸರು, ಸಾಮಾನ್ಯರ ಕೈಗೆಟುಕುವ ಒಂದು ಸ್ಟ್ಯಾಂಡು. ಯಾರೇ ಕೊಳ್ಳಲಿ, ಇಷ್ಟನ್ನು ಕೇಳುವುದು ಅತಿಯಾಸೆಯೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಅಳವಿನಲ್ಲಿರುವುದು ಒಂದು ತರಗತಿ, ಒಂದು ಮೈದಾನ. ಅಲ್ಲಿ ಹರಾಜು ನಿಲ್ಲಿಸಿದೆ. ತಂಡ ಮಾಡುವುದು ಹಾಜರಿ ಪುಸ್ತಕದ ಸಂಖ್ಯೆಯ ಪ್ರಕಾರ, ಸಮ ಒಂದು ಕಡೆ, ಬೆಸ ಒಂದು ಕಡೆ. ಮೊದಮೊದಲು ಗೊಣಗಿದರು. ಕಾಲೆಳೆಯುವ ಹುಡುಗ ಬೆಸ ಸಂಖ್ಯೆಯವನು. ಅವನು ಆಫ್ ಸ್ಪಿನ್ ಹಾಕುತ್ತಾನೆಂದು ಯಾರಿಗೂ ಗೊತ್ತೇ ಇರಲಿಲ್ಲ.

ಆ ವರ್ಷದ ಕಿರುಪರೀಕ್ಷೆಯಲ್ಲಿ 'ನಮ್ಮ' ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಕೊಟ್ಟಿದ್ದೆ. ನಿರೀಕ್ಷಿಸಿದಂತೆ ಅರ್ಧ ತರಗತಿ ಕಪ್ಪು ತಂದಿಟ್ಟಿತ್ತು. ಒಬ್ಬ ಹುಡುಗಿ ಮಾತ್ರ ಬರೆದಿದ್ದಳು: "ಮೈದಾನ ನಮ್ಮದೂ ಹೌದು." ಗಂಡುಹುಡುಗರು ಆಟದ ಪೀರಿಯಡ್ಡಿನಲ್ಲಿ ಜಾಗ ಬಿಡುವುದಿಲ್ಲ ಎಂಬ ದೂರನ್ನು ಅವಳು ಉತ್ತರ ಪತ್ರಿಕೆಯಲ್ಲಿ ಸಲ್ಲಿಸಿದ್ದಳು ಎನ್ನಿ. 'ನಮ್ಮದೇ' ಅಲ್ಲ, 'ನಮ್ಮದೂ'. ಪೂರ್ತಿ ಅಂಕ ಕೊಟ್ಟು, ಮರುದಿನ ಆಟದ ಪೀರಿಯಡ್ಡಿಗೆ ನಾನೇ ಮೈದಾನಕ್ಕೆ ಹೋಗಿ ನಿಂತೆ.